ಹಳೇ ಅಮೆರಿಕನ್ ಕಾರಿಗೆ ಯಾವ ಆಟೊಮ್ಯಾಟಿಕ್? ಮೊದಲು ಹಿಂದಿನ ಆಕ್ಸಲ್ ನೋಡಿ

ಡೆಟ್ರಾಯಿಟ್ ಸುತ್ತಮುತ್ತ ಹಳೇ ಕಾರು ಇಟ್ಟುಕೊಂಡವರು ಚಳಿಗಾಲ ಮುಗಿದರೂ ಗಾಡಿ ಹೊರಗೆ ತೆಗೆಯುವುದಿಲ್ಲ. ಮಂಜಿಗೆ ಸುರಿದ ಉಪ್ಪು ರಸ್ತೆಯಿಂದ ತೊಳೆದುಹೋಗುವಷ್ಟು ಮಳೆ ಬೀಳಲಿ ಎಂದು ಕಾಯುತ್ತಾರೆ. ಅಂಥ ಒಂದು ಏಪ್ರಿಲ್‌ನಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಫೋನ್ ಮಾಡಿದ. 1969ರ ಶೆವರ್ಲೆ ಮ್ಯಾಲಿಬು ಕೊಂಡಿದ್ದ. 350 ಘನ ಇಂಚಿನ ವಿ8 ಎಂಜಿನ್, ಆಟೊಮ್ಯಾಟಿಕ್ ಗೇರು, ಅಡಿಯಲ್ಲಿ ಕೆಂಪು ಎಣ್ಣೆಯ ಕೆರೆ.

"ಅಣ್ಣಾ, ಇದು ಎರಡೇ ಗೇರಿನ ಪವರ್‌ಗ್ಲೈಡ್ ಅಂತೆ. ಗ್ಯಾರೇಜಿನವನು ಇದನ್ನ ಬಿಸಾಕಿ ಟರ್ಬೊ 400 ಹಾಕೋಣ ಅಂತಾನೆ. ಇನ್ನೊಬ್ಬ ಓವರ್‌ಡ್ರೈವ್ ಇರೋದೇ ಬೇಕು ಅಂತಾನೆ. ನೀವೇನಂತೀರಿ?"

"ಹಿಂದಿನ ಆಕ್ಸಲ್ ರೇಶಿಯೊ ಎಷ್ಟು?" ಅಂದೆ.

"ನಾನು ಕೇಳ್ತಿರೋದು ಗೇರ್‌ಬಾಕ್ಸ್ ವಿಷ್ಯ ಅಣ್ಣಾ."

ನಾನು ಹೇಳುತ್ತಿದ್ದುದೂ ಅದೇ ವಿಷಯ. ಹಿಂದಿನ ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ದಂಡ, ಎಷ್ಟು ಸುತ್ತು ತಿರುಗಬೇಕೋ ಅದೇ ಆಕ್ಸಲ್ ರೇಶಿಯೊ. ಓವರ್‌ಡ್ರೈವ್ ಎಂದರೆ ಎಂಜಿನ್ನಿಗಿಂತ ಆ ಶಾಫ್ಟೇ ವೇಗವಾಗಿ ತಿರುಗುವ ಗೇರು. ಹಳೇ ಅಮೆರಿಕನ್ ಕಾರುಗಳ ಮಾತು ಬಂದರೆ ಎಲ್ಲರೂ 'ಯಾವುದು ಗಟ್ಟಿ' ಎಂದೇ ಶುರು ಮಾಡುತ್ತಾರೆ. ಆರುನೂರು ಕುದುರೆಶಕ್ತಿ ತಡೆಯುತ್ತದೆಯೇ, ಎಂಟುನೂರು ತಡೆಯುತ್ತದೆಯೇ ಎಂದು. ನಮ್ಮ ಗಾಡಿಯಲ್ಲಿ ಇರುವುದು ಇನ್ನೂರೈವತ್ತು, ಅದರಲ್ಲಿ ಚಕ್ರಕ್ಕೆ ಮುಟ್ಟುವುದು ಇನ್ನೂ ಕಡಿಮೆ. ಗಟ್ಟಿತನ ಮೂರನೆಯ ಪ್ರಶ್ನೆ. ಗಾಡಿಯನ್ನು ಎಲ್ಲಿ ಓಡಿಸುತ್ತೀರಿ ಎನ್ನುವುದು ಮೊದಲನೆಯದು, ಹಿಂದಿನ ಆಕ್ಸಲ್ ಯಾವುದು ಎನ್ನುವುದು ಎರಡನೆಯದು.

ಐವತ್ತರ ದಶಕದ ಕಾರಾದರೆ

ನಿಮ್ಮದು 1940 ಅಥವಾ 50ರ ದಶಕದ ಕಾರು, ಕಾರ್ಖಾನೆಯಿಂದ ಬಂದ ಗೇರ್‌ಬಾಕ್ಸೇ ಒಳಗಿದೆ ಎಂದಾದರೆ ನನ್ನ ಸಲಹೆ ಒಂದೇ: ಇದ್ದದ್ದನ್ನು ಉಳಿಸಿಕೊಳ್ಳಿ. ಆ ಕಾಲದಲ್ಲಿ ಒಂದೊಂದು ಕಂಪನಿಯೂ ಒಂದೊಂದು ದಾರಿ ಹಿಡಿದಿತ್ತು, ಗಾಡಿಯ ಸ್ವಭಾವವೇ ಆ ಗೇರ್‌ಬಾಕ್ಸಿನಲ್ಲಿರುತ್ತದೆ.

ಜನರಲ್ ಮೋಟರ್ಸ್‌ನ (ಶೆವರ್ಲೆ, ಬ್ಯೂಯಿಕ್, ಪಾಂಟಿಯಾಕ್, ಓಲ್ಡ್ಸ್‌ಮೊಬೀಲ್, ಕ್ಯಾಡಿಲ್ಯಾಕ್ ಎಲ್ಲ ಇದೇ ಕಂಪನಿಯವು) ಹೈಡ್ರಮ್ಯಾಟಿಕ್ 1940ರ ಮಾದರಿಯ ಓಲ್ಡ್ಸ್‌ಮೊಬೀಲ್‌ನಲ್ಲಿ ಬಂತು, ಮರುವರ್ಷ ಕ್ಯಾಡಿಲ್ಯಾಕ್‌ಗೆ. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಪೂರ್ಣ ಆಟೊಮ್ಯಾಟಿಕ್ ಅದೇ. ಯುದ್ಧದಲ್ಲಿ ಹಗುರ ಟ್ಯಾಂಕುಗಳಿಗೂ ಅದನ್ನೇ ಹಾಕಿದರು. ಅದರಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ, ಇರುವುದು ಬರೀ ಫ್ಲೂಯಿಡ್ ಕಪ್ಲಿಂಗ್. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಡಿ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಇಲ್ಲಿ ಗಾಳಿಯ ಬದಲು ಎಣ್ಣೆ, ಅಷ್ಟೇ. ಕನ್ವರ್ಟರಿನಲ್ಲಾದರೆ ಆ ಎರಡರ ಮಧ್ಯೆ ಸ್ಟೇಟರ್ ಎಂಬ ಮೂರನೆಯ ಚಕ್ರ ಕೂತು, ಹಿಂತಿರುಗುವ ಎಣ್ಣೆಯ ದಿಕ್ಕು ಬದಲಿಸಿ, ಗಾಡಿ ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ಎಳೆತವನ್ನು ಸುಮಾರು ಎರಡು ಪಟ್ಟು ಮಾಡಿಕೊಡುತ್ತದೆ. ಕಪ್ಲಿಂಗ್ ಹಾಗೆ ಹೆಚ್ಚಿಸಿ ಕೊಡುವುದಿಲ್ಲ. ಹೈಡ್ರಮ್ಯಾಟಿಕ್‌ಗೆ ನಾಲ್ಕು ಗೇರು ಬೇಕಾದದ್ದು ಅದಕ್ಕೇ: 3.82, 2.63, 1.45, 1.00 (ಗೇರ್‌ಬಾಕ್ಸಿನ ಹೊರಶಾಫ್ಟ್ ಒಂದು ಸುತ್ತು ಬರಲು ಎಂಜಿನ್ ತಿರುಗಬೇಕಾದ ಸುತ್ತು ಇದು). ಗೇರು ಬದಲಾಗುವಾಗ ಬೆನ್ನಿಗೊಂದು ತಟ್ಟು ಸಿಗುತ್ತದೆ, ಆದರೆ ಪೆಟ್ರೋಲ್ ಪೋಲಾಗುವುದು ಕಡಿಮೆ. ಮೊದಮೊದಲ ಹೈಡ್ರಮ್ಯಾಟಿಕ್‌ಗಳಲ್ಲಿ ಪಾರ್ಕ್ ಎನ್ನುವುದೇ ಇಲ್ಲ. ಎಂಜಿನ್ ಆರಿಸಿ ಲಿವರನ್ನು ರಿವರ್ಸ್‌ಗೆ ಹಾಕಿದರೆ ಅದೇ ಬೀಗ.

ಬ್ಯೂಯಿಕ್‌ನ ಡೈನಾಫ್ಲೋ 1948ರಲ್ಲಿ ರೋಡ್‌ಮಾಸ್ಟರ್ ಕಾರಿನೊಂದಿಗೆ ಬಂತು. ಇದು ಅದಕ್ಕೆ ತದ್ವಿರುದ್ಧ. ಡ್ರೈವ್‌ನಲ್ಲಿಟ್ಟರೆ ಗೇರು ಬದಲಾಗುವುದೇ ಇಲ್ಲ, ಎಲ್ಲ ಕೆಲಸವೂ ಕನ್ವರ್ಟರಿನದೇ. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಗುತ್ತದೆ, ಆದರೆ ಸಿಗ್ನಲ್ ಬಿಟ್ಟಾಗ ಎಂಜಿನ್ ಕೂಗಿ ಎಷ್ಟೋ ಹೊತ್ತಿಗೆ ಕಾರು ಒಪ್ಪಿಕೊಳ್ಳುತ್ತದೆ. ಭಾನುವಾರ ಸಂಜೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಡುವವರಿಗೆ ಇದಕ್ಕಿಂತ ಸೊಗಸಾದ ಗೇರ್‌ಬಾಕ್ಸ್ ಇಲ್ಲ. ಆತುರದವರ ಕೈಗೆ ಕೊಡಬೇಡಿ.

ಇಲ್ಲೊಂದು ಸಂಗತಿ, ಕೊಳ್ಳುವವರಿಗೆ ಉಪಯೋಗಕ್ಕೆ ಬರುವಂಥದ್ದು. 1953ರ ಆಗಸ್ಟ್ 12ರಂದು ಮಿಷಿಗನ್ನಿನ ಲಿವೋನಿಯಾದಲ್ಲಿದ್ದ ಹೈಡ್ರಮ್ಯಾಟಿಕ್ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಗೇರ್‌ಬಾಕ್ಸ್ ಇಲ್ಲದೆ ಕ್ಯಾಡಿಲ್ಯಾಕ್, ಓಲ್ಡ್ಸ್‌ಮೊಬೀಲ್, ಪಾಂಟಿಯಾಕ್ ಮೂರೂ ಕೈಕಟ್ಟಿ ಕೂರುವ ಹಾಗಾಯಿತು. ಯುದ್ಧಕಾಲದಲ್ಲಿ ಬಾಂಬರ್ ವಿಮಾನ ತಯಾರಾಗುತ್ತಿದ್ದ ವಿಲ್ಲೋ ರನ್ ಕಾರ್ಖಾನೆಗೆ ಕೆಲಸ ಸಾಗಿಸಿ, ಮತ್ತೆ ತಯಾರಿಕೆ ಶುರುವಾಗುವ ತನಕ ಕ್ಯಾಡಿಲ್ಯಾಕ್ ಮತ್ತು ಓಲ್ಡ್ಸ್‌ಮೊಬೀಲ್‌ಗಳಿಗೆ ಬ್ಯೂಯಿಕ್‌ನ ಡೈನಾಫ್ಲೋ, ಪಾಂಟಿಯಾಕ್‌ಗಳಿಗೆ ಶೆವರ್ಲೆಯ ಪವರ್‌ಗ್ಲೈಡ್ ಹಾಕಿ ಕಳಿಸಿದರು. ಹಾಗಾಗಿ 1953ರ ಕ್ಯಾಡಿಲ್ಯಾಕ್‌ನಲ್ಲಿ ಡೈನಾಫ್ಲೋ ಕಂಡರೆ 'ಯಾರೋ ಬದಲಿಸಿದ್ದಾರೆ' ಎಂದು ಮಾಲೀಕನ ಮೇಲೆ ಅನುಮಾನ ಪಡಬೇಡಿ. ಹಾಗೇ ಬಂದಿರಬಹುದು.

ಆ ಕಾಲದ್ದರಲ್ಲಿ ನಾನು ದೂರ ಇಡುವಂಥವು ಎರಡು. ಒಂದು, 1957ರಿಂದ 61ರವರೆಗಿನ ಶೆವರ್ಲೆಯ ಟರ್ಬೊಗ್ಲೈಡ್. ಒಳಗೆ ಮೂರು ಟರ್ಬೈನ್ ಇಟ್ಟು ಬಲು ಬುದ್ಧಿವಂತಿಕೆಯಿಂದ ಮಾಡಿದರು, ಆ ಬುದ್ಧಿವಂತಿಕೆಯೇ ರಿಪೇರಿಯವರಿಗೆ ತಲೆನೋವಾಯಿತು. ಇನ್ನೊಂದು, 1961ರಿಂದ 64ರ ಓಲ್ಡ್ಸ್‌ಮೊಬೀಲ್‌ಗಳ, ಕೆಲವು ಪಾಂಟಿಯಾಕ್‌ಗಳ ರೋಟೊ ಹೈಡ್ರಮ್ಯಾಟಿಕ್. ಮೊದಲ ಗೇರು 2.97, ಎರಡನೆಯದು 1.56. ಮಧ್ಯೆ ಹಳ್ಳ. ಎಂಜಿನ್ ಒಮ್ಮೆಲೇ ಬಾವಿಗೆ ಬಿದ್ದಂತಾಗುತ್ತದೆ. ಕಾರು ಇಷ್ಟವಾದರೆ ಕೊಳ್ಳಿ, ಗೇರ್‌ಬಾಕ್ಸಿಗೆಂದು ಒಂದಿಷ್ಟು ಹಣ ಬೇರೆ ತೆಗೆದಿಟ್ಟುಕೊಳ್ಳಿ.

ಅತ್ತೆಯವರ ಮನೆಗೆ ಹೋಗುವ ಭಾವಮೈದನಿಗೆ ಕೀಲಿ ಕೊಡುವ ಮೊದಲು ಇನ್ನೊಂದು ಮಾತು. ಹಳೆಯ ಪವರ್‌ಗ್ಲೈಡ್, ಡೈನಾಫ್ಲೋಗಳ ಲಿವರ್ ಸಾಲು ಪಾರ್ಕ್, ನ್ಯೂಟ್ರಲ್, ಡ್ರೈವ್, ಲೋ, ರಿವರ್ಸ್ ಎಂದಿರುತ್ತದೆ. ಅಂದರೆ ಲೋ ಮತ್ತು ರಿವರ್ಸ್ ಅಕ್ಕಪಕ್ಕ. ಮುಂದಕ್ಕೂ ಹಿಂದಕ್ಕೂ ಹೋಗುವ ಗೇರುಗಳ ಮಧ್ಯೆ ನ್ಯೂಟ್ರಲ್ ಇರಲೇಬೇಕೆಂಬ ಅಮೆರಿಕದ ಸುರಕ್ಷತಾ ನಿಯಮ ಜಾರಿಯಾದದ್ದು 1968ರಲ್ಲಿ. ಅದಕ್ಕಿಂತ ಹಿಂದಿನ ಗಾಡಿಯಾದರೆ ಅಂಗಳದಲ್ಲೇ ನಾಲ್ಕು ಸಲ ಹಾಕಿ ತೆಗೆದು ತೋರಿಸಿ ಕೊಡಿ.

ಮೂರು ಮನೆ, ಐದು ಗೇರ್‌ಬಾಕ್ಸ್

ಅರವತ್ತರ ದಶಕಕ್ಕೆ ಬಂದರೆ ಆಯ್ಕೆಯ ನಿಜವಾದ ಗೊಂದಲ ಶುರು. ಕ್ರೈಸ್ಲರ್‌ನ ಟಾರ್ಕ್‌ಫ್ಲೈಟ್, ಫೋರ್ಡ್‌ನ ಸಿ4 ಮತ್ತು ಸಿ6, ಜನರಲ್ ಮೋಟರ್ಸ್‌ನ ಟರ್ಬೊ 350 ಮತ್ತು 400 (ಇದು ಗೇರ್‌ಬಾಕ್ಸಿನ ಹೆಸರು, ಎಂಜಿನ್ನಿನ 350 ಬೇರೆ). ಹೆಸರು ಬೇರೆ, ರಕ್ತ ಒಂದೇ. ಟಾರ್ಕ್‌ಫ್ಲೈಟ್ 2.45, 1.45. ಸಿ4, ಸಿ6 ಎರಡೂ 2.46, 1.46. ಟರ್ಬೊ 400 ಆದರೆ 2.48, 1.48. ಟರ್ಬೊ 350 ಆದರೆ 2.52, 1.52. ಮೂರನೆಯದು ಎಲ್ಲದರಲ್ಲೂ ನೇರ, 1.00. ಮೊದಲ ಗೇರಿನಿಂದ ಸರಿಯಾಗಿ ಒಂದು ಕಳೆದರೆ ಎರಡನೆಯದು ಸಿಗುತ್ತದೆ, ಗಮನಿಸಿದಿರಾ? ಇದು ಕಾಕತಾಳೀಯ ಅಲ್ಲ. ಹೋವರ್ಡ್ ಸಿಂಪ್ಸನ್ ಎಂಬ ಎಂಜಿನಿಯರ್ ಎರಡು ಗ್ರಹಗೇರಿನ ಸೆಟ್ಟುಗಳಿಗೆ (ನಡುವಿನ ಸೂರ್ಯಗೇರಿನ ಸುತ್ತ ಚಿಕ್ಕ ಗೇರುಗಳು ಗ್ರಹಗಳಂತೆ ತಿರುಗುವಂಥವು) ಒಂದೇ ಸೂರ್ಯಗೇರು ಕೊಟ್ಟು ಹೆಣೆದ ಜೋಡಣೆಯ ಗುಣ ಅದು. ಎರಡೂ ಗ್ರಹಗೇರಿನ ಸೆಟ್ಟುಗಳ ಹಲ್ಲುಗಳ ಅನುಪಾತ ಒಂದೇ ಆಗಿದ್ದರೆ ಲೆಕ್ಕ ಹೀಗೇ ಬರುತ್ತದೆ. ಹಾಗಾಗಿ 'ಇದರ ಮೊದಲ ಗೇರು ಚುರುಕು, ಅದರದ್ದು ಮಂದ' ಎಂದು ಈ ಐದರ ಮಧ್ಯೆ ಜಗಳ ಆಡುವವರನ್ನು ಕಂಡರೆ ನಕ್ಕು ಸುಮ್ಮನಾಗಿ. ವ್ಯತ್ಯಾಸ ಬೇರೆ ಕಡೆ ಇದೆ.

ಟಾರ್ಕ್‌ಫ್ಲೈಟ್ ಇವುಗಳಲ್ಲಿ ಹಿರಿಯಣ್ಣ. 1956ರಲ್ಲಿ ಇಂಪೀರಿಯಲ್‌ನಲ್ಲಿ ಬಂದು, 57ಕ್ಕೆ ಉಳಿದ ಕಾರುಗಳಿಗೂ ಹರಡಿತು. 1964ರ ಮಾದರಿಯವರೆಗೆ ಲಿವರ್ ಬದಲು ಡ್ಯಾಶ್‌ಬೋರ್ಡಿನಲ್ಲಿ ಗುಂಡಿಗಳು. ಒತ್ತಿದರೆ ಗೇರು. ಆಟದ ಸಾಮಾನಿನಂತೆ ಕಂಡರೂ ಹಿಂದೆ ಇರುವುದು ಸೀದಾಸಾದಾ ಕೇಬಲ್, ಅದಕ್ಕೇ ಬಾಳಿಕೆ. ಅದೇ ಹೊತ್ತಿಗೆ ಎಡ್ಸೆಲ್ ಕಾರಿನಲ್ಲಿ ಸ್ಟೀರಿಂಗ್ ನಡುವೆ ವಿದ್ಯುತ್ ಗುಂಡಿ ಇಟ್ಟು ಪಟ್ಟ ಪಾಡು ಕೇಳಿದರೆ ಕೇಬಲ್ಲಿನ ಬೆಲೆ ತಿಳಿಯುತ್ತದೆ. ಮುಂದೆ ಇದರಲ್ಲೇ ಎರಡು ಬಗೆಯಾಯಿತು. ಸ್ಲಾಂಟ್ ಸಿಕ್ಸ್, 318ನಂಥ ಎಂಜಿನ್‌ಗಳಿಗೆ ಚಿಕ್ಕದಾದ 904. ಹೆಮಿ, 440ನಂಥ ರಾಕ್ಷಸರಿಗೆ ದೊಡ್ಡದಾದ 727. ಡಾಡ್ಜ್ ಡಾರ್ಟ್‌ಗೆ ಸುಮ್ಮನೆ 727 ತುರುಕಬೇಡಿ. 904 ಹಗುರ, ತಿರುಗಿಸಲು ಕಡಿಮೆ ಶಕ್ತಿ ಸಾಕು, ಮಾಮೂಲಿ ಓಡಾಟಕ್ಕೆ ಧಾರಾಳ. 727 ಬೇಕೇ ಬೇಕು ಎಂದಾದರೆ ನೆನಪಿಡಿ, ಇದರ ಬೆಲ್‌ಹೌಸಿಂಗ್, ಅಂದರೆ ಎಂಜಿನ್ನಿಗೆ ಕೂರುವ ಮುಂಭಾಗದ ಕವಚ, ಮೈಗೇ ಎರಕ ಹೊಯ್ದಿರುತ್ತದೆ. ಚಿಕ್ಕ ವಿ8ದು, ದೊಡ್ಡ ವಿ8ದು, ಸ್ಲಾಂಟ್ ಸಿಕ್ಸಿನದು ಒಂದಕ್ಕೊಂದು ಕೂರುವುದಿಲ್ಲ.

ಟಾರ್ಕ್‌ಫ್ಲೈಟ್ ಇರುವವರು ಎರಡು ವಿಷಯ ತಲೆಯಲ್ಲಿಟ್ಟುಕೊಳ್ಳಬೇಕು. ಕಾರ್ಬ್ಯುರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕಡ್ಡಿ ಬರೀ ಕಿಕ್‌ಡೌನಿಗೆ (ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಗೇರು ಇಳಿಯುವುದಕ್ಕೆ) ಎಂದು ಕೆಲವರು ಕಳಚಿ ಎಸೆಯುತ್ತಾರೆ. ಒಳಗಿನ ಎಣ್ಣೆಯ ಒತ್ತಡ ಏರುವುದೂ ಅದರಿಂದಲೇ. ಕಳಚಿ ಓಡಿಸಿದರೆ ಕ್ಲಚ್ ಪ್ಲೇಟುಗಳು ಜಾರಿ ಸುಡುತ್ತವೆ. ಎರಡನೆಯದು, ಈ ಹಳೆಯವುಗಳಲ್ಲಿ ಪಾರ್ಕ್‌ನಲ್ಲಿದ್ದಾಗ ಕನ್ವರ್ಟರಿಗೆ ಎಣ್ಣೆ ಹೋಗುವುದಿಲ್ಲ. ಬೆಳಿಗ್ಗೆ ಬಿಸಿ ಮಾಡುವುದಾದರೆ, ಎಣ್ಣೆ ಅಳೆಯುವುದಾದರೆ, ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ನಲ್ಲಿ ಮಾಡಿ.

ಫೋರ್ಡ್‌ನವರ ವಿಷಯ ಸುಲಭ. ಮಸ್ಟ್ಯಾಂಗ್‌ನಲ್ಲಿ 289 ಅಥವಾ 302 ಎಂಜಿನ್ ಇದೆಯೇ? 1964ರಿಂದ ಬಂದ ಸಿ4 ಸಾಕು. ಅದರ ಬೆಲ್‌ಹೌಸಿಂಗ್ ಬೋಲ್ಟ್ ಹಾಕಿ ಜೋಡಿಸುವಂಥದ್ದು, ಬೇರೆ ಎಂಜಿನ್‌ಗೆ ಹೊಂದಿಸುವುದೂ ಸರಾಗ. 1966ರಲ್ಲಿ ಬಂದ ಸಿ6 ಎಂಥ ಗಟ್ಟಿಯೆಂದರೆ ಅದನ್ನು 1990ರ ದಶಕದ ನಡುವಿನ ತನಕ ಟ್ರಕ್ಕುಗಳಿಗೆ ಹಾಕುತ್ತಿದ್ದರು. ಟ್ರಕ್ಕಿಗೆ ಹಾಕುವಂಥದ್ದು ಎಂಬುದೇ ಅದರ ದೋಷ ಕೂಡ. ಭಾರ ಹೆಚ್ಚು, ತಾನು ತಿರುಗಲೇ ಸಾಕಷ್ಟು ಶಕ್ತಿ ನುಂಗುತ್ತದೆ. 428ರಂಥ ಎಂಜಿನ್ ಇಲ್ಲದಿದ್ದರೆ ಸಿ6 ಹಾಕಿಸುವುದು ನಾಯಿಮರಿಗೆ ಆನೆ ಸರಪಳಿ ಕಟ್ಟಿದ ಹಾಗೆ. 1964ರಿಂದ 66ರ ಸಿ4ಗಳಲ್ಲಿ ಹಸಿರು ಚುಕ್ಕೆ, ಬಿಳಿ ಚುಕ್ಕೆ ಎಂದು ಎರಡು ಡ್ರೈವ್ ಇರುತ್ತವೆ. ಬಿಳಿ ಚುಕ್ಕೆಗೆ ಹಾಕಿದರೆ ಎರಡನೇ ಗೇರಿನಲ್ಲೇ ಹೊರಡುತ್ತದೆ, ಮಂಜಿನಲ್ಲಿ ಜಾರದಿರಲೆಂದು. ಗೊತ್ತಿಲ್ಲದೆ ಅದರಲ್ಲೇ ಓಡಿಸಿ 'ಗಾಡಿಗೆ ಪಿಕಪ್ಪೇ ಇಲ್ಲ' ಎಂದು ಗೇರ್‌ಬಾಕ್ಸ್ ಬಿಚ್ಚಿಸಿದವರಿದ್ದಾರೆ. ಆ ಕಾಲದ ಫೋರ್ಡ್‌ಗಳಿಗೆ ಟೈಪ್ ಎಫ್ ಎಣ್ಣೆ. ಜನರಲ್ ಮೋಟರ್ಸ್‌ನ ಡೆಕ್ಸ್‌ರಾನ್‌ಗಿಂತ ಅದರ ಹಿಡಿತ ಬೇರೆ, ಎರಡೂ ಕೆಂಪಗಿವೆ ಎಂದು ಬೆರೆಸಬೇಡಿ.

ಇನ್ನು ನಮ್ಮ ಹುಡುಗನ ಕಾರಿನ ಮನೆತನಕ್ಕೆ, ಜನರಲ್ ಮೋಟರ್ಸ್‌ಗೆ, ಬರೋಣ. ಟರ್ಬೊ 400 ಬಂದದ್ದು 1964ರಲ್ಲಿ, ಕ್ಯಾಡಿಲ್ಯಾಕ್‌ಗೆ, ಇನ್ನೊಂದು ಹೆಸರಿನಲ್ಲಿ ಬ್ಯೂಯಿಕ್‌ಗೆ. ಅದರ ಹೆಸರು ಎಷ್ಟು ದೊಡ್ಡದೆಂದರೆ ರೋಲ್ಸ್‌ರಾಯ್ಸ್‌ನವರು ಸಿಲ್ವರ್ ಶ್ಯಾಡೊಗೆ, ಜಾಗ್ವಾರ್‌ನವರು ಹನ್ನೆರಡು ಸಿಲಿಂಡರಿನ ಕಾರುಗಳಿಗೆ, ಕೊನೆಗೆ ಫೆರಾರಿಯವರೂ 1976ರಲ್ಲಿ ತಮ್ಮ 400 ಕಾರಿಗೆ ಅದನ್ನೇ ತರಿಸಿಕೊಂಡರು. ಟರ್ಬೊ 350 ಐದು ವರ್ಷ ಕಿರಿದು, 1969ರದ್ದು, ಮೈಯಲ್ಲೂ ಕಿರಿದು. ಇವೆರಡನ್ನೂ ನಾನು ಮೆಚ್ಚುವುದು ಗಟ್ಟಿತನಕ್ಕಲ್ಲ, ಕ್ಷಮೆಗೆ. ಇವುಗಳ ಒತ್ತಡ ನಿಭಾಯಿಸುವುದು ಎಂಜಿನ್ನಿನ ವ್ಯಾಕ್ಯೂಮ್ ನಳಿಕೆಗೆ ಜೋಡಿಸಿದ ಮಾಡ್ಯುಲೇಟರ್ ಎಂಬ ಚಿಕ್ಕ ಡಬ್ಬಿ. 350ರ ಕಿಕ್‌ಡೌನ್ ಕೇಬಲ್ ಕಿತ್ತುಹೋದರೂ, 400ರ ಕಿಕ್‌ಡೌನ್ ವೈರು ಕಡಿದರೂ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಗೇರು ಇಳಿಯುವುದಿಲ್ಲ ಅಷ್ಟೇ. ಸುಟ್ಟುಹೋಗುವುದಿಲ್ಲ. ಹವ್ಯಾಸಿಗಳ ಕೈಗೆ ಇಂಥದ್ದೇ ಬೇಕು.

ಆ ಮಾಡ್ಯುಲೇಟರ್ ವಿಷಯದಲ್ಲಿ ಒಂದು ಪತ್ತೇದಾರಿ ಸುಳಿವು. ಗೇರ್‌ಬಾಕ್ಸಿನ ಎಣ್ಣೆ ಕಡಿಮೆಯಾಗುತ್ತಲೇ ಇದೆ, ನೆಲದ ಮೇಲೆ ಒಂದು ಹನಿಯೂ ಇಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆ. ಎಂಜಿನ್ ಹೋಯಿತೆಂದು ಕೈಚೆಲ್ಲಬೇಡಿ. ಮಾಡ್ಯುಲೇಟರ್ ಒಳಗಿನ ರಬ್ಬರ್ ಹರಿದು ಎಂಜಿನ್ನೇ ಆ ಎಣ್ಣೆ ಹೀರುತ್ತಿರುತ್ತದೆ. ವ್ಯಾಕ್ಯೂಮ್ ಪೈಪ್ ಕಿತ್ತು ನೋಡಿ, ಒಳಗೆ ಎಣ್ಣೆ ಒದ್ದೆ ಇದ್ದರೆ ಕಳ್ಳ ಸಿಕ್ಕಿಬಿದ್ದ. ಬದಲಿಸಲು ಅರ್ಧ ಗಂಟೆ ಸಾಕು.

ಪವರ್‌ಗ್ಲೈಡ್ ಬಗ್ಗೆ ಎರಡು ಮಾತು ಹೇಳದಿದ್ದರೆ ಅನ್ಯಾಯ. 1950ರಲ್ಲಿ ಶುರುವಾಗಿ, 1962ರಲ್ಲಿ ಅಲ್ಯುಮಿನಿಯಂ ಮೈ ಪಡೆದು, 1973ರವರೆಗೆ ಬಂತು. ಎರಡೇ ಗೇರೆಂದು ಹಂಗಿಸುವವರು ಡ್ರ್ಯಾಗ್ ರೇಸಿನ ಮೈದಾನಕ್ಕೆ ಹೋಗಿ ನೋಡಲಿ. ಹಗುರ, ಒಂದೇ ಸಲ ಗೇರು ಬದಲಾವಣೆ, ಒಳಗೆ ಕಡಿಮೆ ಸಾಮಾನು. ಅಲ್ಲಿ ಇವತ್ತಿಗೂ ಅದಕ್ಕೆ ಗಿರಾಕಿ. ಆದರೆ ರಸ್ತೆಯ ಮೇಲೆ, ನಾಲ್ಕು ಸಿಗ್ನಲ್ಲಿಗೊಮ್ಮೆ ನಿಂತು ಹೊರಡುವ ಊರಿನಲ್ಲಿ, ಅದರ ಮೊದಲ ಗೇರು ದೊಡ್ಡ ವಿ8ಗಳಲ್ಲಿ ಬರೀ 1.76.

ಈಗ ಲೆಕ್ಕ

| ಗೇರ್‌ಬಾಕ್ಸ್ | ಮೊದಲ ಗೇರು | ಕೊನೆಯ ಗೇರು |
|---|---|---|
| ಪವರ್‌ಗ್ಲೈಡ್ | 1.76 ಅಥವಾ 1.82 | 1.00 |
| ಟರ್ಬೊ 350 | 2.52 | 1.00 |
| ಟರ್ಬೊ 400 | 2.48 | 1.00 |
| ಫೋರ್ಡ್ ಎಒಡಿ | 2.40 | 0.67 |
| 200-4ಆರ್ | 2.74 | 0.67 |
| 700ಆರ್4 | 3.06 | 0.70 |

ಕೊನೆಯ ಮೂರು ಓವರ್‌ಡ್ರೈವ್ ಇರುವವು. ಎಒಡಿ 1980ರಲ್ಲಿ, 200-4ಆರ್ 81ರಲ್ಲಿ, 700ಆರ್4 82ರಲ್ಲಿ ಬಂದವು, ಪೆಟ್ರೋಲ್ ಉಳಿಸುವ ಒತ್ತಡ ಹುಟ್ಟಿಸಿದ ಮಕ್ಕಳು. ಹಳೇ ಕಾರಿನವರು ಇವನ್ನು ಹಿಂದಿನ ಕಾಲಕ್ಕೆ ಎಳೆದುಕೊಂಡು ಬರುತ್ತಾರೆ.

26 ಇಂಚಿನ ಟಯರು, ಗಂಟೆಗೆ 70 ಮೈಲಿ, ಅಂದರೆ ಸುಮಾರು 113 ಕಿಲೋಮೀಟರ್. ಆ ವೇಗದಲ್ಲಿ ಟಯರು ನಿಮಿಷಕ್ಕೆ ಹತ್ತಿರ ಹತ್ತಿರ 905 ಸುತ್ತು. ಅದನ್ನು ಆಕ್ಸಲ್ ರೇಶಿಯೊದಿಂದ, ಆಮೇಲೆ ಕೊನೆಯ ಗೇರಿನಿಂದ ಗುಣಿಸಿದರೆ ಎಂಜಿನ್ ಸುತ್ತು ಸಿಗುತ್ತದೆ. ಆಕ್ಸಲ್ 3.73 ಇದ್ದು ಟರ್ಬೊ 350 ಇದ್ದರೆ ಎಂಜಿನ್ 3,380 ಸುತ್ತಿನಲ್ಲಿ ಗೋಗರೆಯುತ್ತದೆ. ಎರಡು ಗಂಟೆ ಹೆದ್ದಾರಿಯಲ್ಲಿ ಹೋದರೆ ಇಳಿದ ಮೇಲೂ ಕಿವಿಯಲ್ಲಿ ಗುಂಯ್. ಅದೇ ಟರ್ಬೊ 350ಗೆ 2.73ರ ಆಕ್ಸಲ್ ಆದರೆ 2,470, ಹಾಯಾದ ಸಂಖ್ಯೆ. ಓವರ್‌ಡ್ರೈವ್ ಅನ್ನುವುದರ ಗೊಡವೆಯೇ ಬೇಡ.

ಈ ಲೆಕ್ಕದ ಒಂದು ಫಲಿತಾಂಶ ನನಗೆ ಈಗಲೂ ಖುಷಿ ಕೊಡುತ್ತದೆ. ನಿಂತಲ್ಲಿಂದ ಹೊರಡುವ ಎಳೆತ ಬೇಕಾದರೆ ಮೊದಲ ಗೇರನ್ನು ಆಕ್ಸಲ್‌ನಿಂದ ಗುಣಿಸಿ. ಟರ್ಬೊ 350, 3.73 ಆಕ್ಸಲ್: 9.4. 700ಆರ್4, 3.08 ಆಕ್ಸಲ್: ಅದೂ 9.4. ಸಿಗ್ನಲ್ ಬಿಟ್ಟಾಗ ಎರಡೂ ಕಾರಿನದು ಒಂದೇ ನೆಗೆತ. ಆದರೆ ಹೆದ್ದಾರಿಯಲ್ಲಿ ಮೊದಲನೆಯದು 3,380 ಸುತ್ತು, ಎರಡನೆಯದು ಬರೀ 1,950. ಅದಕ್ಕೇ 700ಆರ್4 ಇಷ್ಟೊಂದು ಜನರ ಕಣ್ಣಿಗೆ ಬಿದ್ದಿರುವುದು, ತಪ್ಪೇನಲ್ಲ. ಸಾಮಾನ್ಯವಾಗಿ ಆಗುವ ಎಡವಟ್ಟು ಬೇರೆ: 2.73 ಆಕ್ಸಲ್ ಇರುವ ಕಾರಿಗೂ 700ಆರ್4 ಹಾಕಿಸುವುದು. ಆಗ 70 ಮೈಲಿಗೆ ಎಂಜಿನ್ 1,730 ಸುತ್ತು. ಸ್ವಲ್ಪ ಹುರುಪಿನ ಕ್ಯಾಮ್‌ಶಾಫ್ಟ್ ಹಾಕಿಸಿದ್ದರೆ ಆ ಸುತ್ತಿನಲ್ಲಿ ಎಂಜಿನ್ ತಡವರಿಸುತ್ತದೆ, ಸಣ್ಣ ಏರು ಬಂದರೂ ಗೇರು ಇಳಿಯುತ್ತದೆ, ಹತ್ತುತ್ತದೆ, ಇಳಿಯುತ್ತದೆ. ಸಾವಿರಾರು ಡಾಲರ್ ಸುರಿದು ಕೊಂಡುಕೊಂಡ ಕಿರಿಕಿರಿ.

ಒಂದು ಕೇಬಲ್ಲಿನ ಕಥೆ

ಓವರ್‌ಡ್ರೈವ್ ಬೇಕೇ ಬೇಕು ಎಂದಾದರೆ ನನ್ನ ಅನುಭವ ಕೇಳಿ. ಕೆಲವು ವರ್ಷದ ಹಿಂದೆ ನನ್ನ 1972ರ ನೋವಾಗೆ 700ಆರ್4 ಹಾಕಿಸಿದೆ. ಹಾಕಿದವರು ಒಳ್ಳೆಯ ಹೆಸರಿದ್ದವರೇ. ಗೇರ್‌ಬಾಕ್ಸ್ ಕೂಡ ಹೊಸದಾಗಿ ಕಟ್ಟಿದ್ದು. ಆರು ವಾರಕ್ಕೆ ಮೂರನೇ ಗೇರು ಜಾರತೊಡಗಿತು, ಏಳನೇ ವಾರಕ್ಕೆ ಮೂರೂ ಇಲ್ಲ, ನಾಲ್ಕೂ ಇಲ್ಲ. ಬಿಚ್ಚಿದರೆ ಕ್ಲಚ್ ಪ್ಲೇಟುಗಳು ತಳ ಹಿಡಿದ ದೋಸೆಯ ಬಣ್ಣ. ಹಾಕಿದವರು ಕಟ್ಟಿದವರನ್ನು ದೂರಿದರು, ಕಟ್ಟಿದವರು ನನ್ನ ಕಾಲನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಜ್ವರ ಇದ್ದದ್ದು ಕಾರ್ಬ್ಯುರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಥ್ರಾಟಲ್ ವಾಲ್ವ್ ಕೇಬಲ್ಲಿನಲ್ಲಿ. 700ಆರ್4, 200-4ಆರ್ ಎರಡರಲ್ಲೂ ಗೇರು ಯಾವಾಗ ಬದಲಾಗಬೇಕು ಎಂಬುದನ್ನಷ್ಟೇ ಅಲ್ಲ, ಕ್ಲಚ್ಚುಗಳನ್ನು ಅದುಮಿ ಹಿಡಿಯುವ ಎಣ್ಣೆಯ ಒತ್ತಡವನ್ನೂ ಆ ಕೇಬಲ್ಲೇ ಹೇಳುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೇಬಲ್ಲೂ ಪೂರ್ತಿ ಎಳೆದಿರಬೇಕು. ನನ್ನ ಕಾರ್ಬ್ಯುರೇಟರ್ ಬೇರೆ ಕಂಪನಿಯದು, ಅದರ ತೋಳಿನ ಅಳತೆ ಬೇರೆ. ಸರಿಹೊಂದಿಸುವ ಬ್ರ್ಯಾಕೆಟ್ಟಿಗೆ ಆಗುವ ಖರ್ಚು ಒಂದು ಹೋಟೆಲ್ ಊಟದಷ್ಟು. ಯಾರೂ ಹಾಕಿರಲಿಲ್ಲ. ಫೋರ್ಡ್‌ನ ಎಒಡಿಯದೂ ಇದೇ ಹಾಡು, ಅಲ್ಲಿ ಕೇಬಲ್ ಬದಲು ಕಡ್ಡಿ ಇರಬಹುದು, ಅಷ್ಟೇ.

ಹಾಗಾಗಿ ಓವರ್‌ಡ್ರೈವ್ ಹಾಕುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ 'ಎಷ್ಟು ಕುದುರೆಶಕ್ತಿ ತಡೆಯುತ್ತೆ' ಅಲ್ಲ, 'ನನ್ನ ಕಾರ್ಬ್ಯುರೇಟರಿಗೆ ಕೇಬಲ್ ಹೇಗೆ ಹೊಂದಿಸ್ತೀರಿ, ಒತ್ತಡ ಗೇಜ್ ಹಾಕಿ ತೋರಿಸ್ತೀರಾ' ಎಂಬುದು. ತಡವರಿಸಿದರೆ ನಮಸ್ಕಾರ ಹೇಳಿ ಬನ್ನಿ. 700ಆರ್4 ಕೊಳ್ಳುವುದಾದರೆ 1987ರ ನಂತರದ್ದು ಹುಡುಕಿ, ಮೊದಲ ವರ್ಷಗಳ ಕೊರತೆಗಳನ್ನು ಅಷ್ಟರಲ್ಲಿ ತಿದ್ದಿದ್ದರು. ಕನ್ವರ್ಟರಿನ ಲಾಕಪ್‌ಗೆ (ಕನ್ವರ್ಟರ್ ಜಾರದಂತೆ ಬಿಗಿಹಿಡಿಯುವ ಕ್ಲಚ್ಚಿಗೆ) ಒಂದು ವೈರು ಎಳೆಯಬೇಕಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಉದ್ದವೂ ಮುಖ್ಯ. ಗಿಡ್ಡ ಬಾಲದ ಟರ್ಬೊ 350 ಮತ್ತು 200-4ಆರ್ ಎರಡೂ ಸುಮಾರು ಇಪ್ಪತ್ತೇಳೂಮುಕ್ಕಾಲು ಇಂಚು, ಪವರ್‌ಗ್ಲೈಡ್ ಅದಕ್ಕಿಂತ ಕೂದಲೆಳೆ ಗಿಡ್ಡ. ಅಂದರೆ ಇವುಗಳ ಮಧ್ಯೆ ಅದಲುಬದಲು ಮಾಡಿದರೆ ಪ್ರೊಪೆಲ್ಲರ್ ಶಾಫ್ಟ್ ಮುಟ್ಟಬೇಕಿಲ್ಲ. 200-4ಆರ್‌ಗೆ ಗೇರ್‌ಬಾಕ್ಸ್ ಹೊರುವ ಅಡಿಯ ಅಡ್ಡಪಟ್ಟಿ ಮಾತ್ರ ಹಿಂದಕ್ಕೆ ಸರಿಸಬೇಕು. 700ಆರ್4 ಮೂವತ್ತೂಮುಕ್ಕಾಲು ಇಂಚು, ಶಾಫ್ಟ್ ಕತ್ತರಿಸಲೇಬೇಕು. ಟರ್ಬೊ 400ರ ಹೊರಶಾಫ್ಟ್ ದಪ್ಪ, 32 ಗೆರೆಯದ್ದು, ಉಳಿದವಕ್ಕೆ 27. ಅದಕ್ಕೆ ಕೂರುವ, ಪ್ರೊಪೆಲ್ಲರ್ ಶಾಫ್ಟಿನ ತುದಿಯ ಯೋಕೂ ಹೊಸದು ಬೇಕು. ನನ್ನನ್ನು ಈಗ ಕೇಳಿದರೆ ಮಾಮೂಲಿ ಶಕ್ತಿಯ ಶೆವರ್ಲೆಗೆ 700ಆರ್4ಕ್ಕಿಂತ 200-4ಆರ್ ಲೇಸು ಎನ್ನುತ್ತೇನೆ. ಅದರ ಗೇರುಗಳ ನಡುವಿನ ಹೆಜ್ಜೆಯೂ ಸಮ. 700ಆರ್4ರ ಮೊದಲನೆಯದರಿಂದ ಎರಡನೆಯದಕ್ಕೆ 3.06ರಿಂದ 1.63, ಅದು ಹೆಜ್ಜೆಯಲ್ಲ, ಹಾರಿಕೆ. ಈ ಮಾತಿಗೆ ಜಗಳಕ್ಕೆ ಬರುವವರು ಬಹಳ ಜನರಿದ್ದಾರೆ, ಬರಲಿ.

ಕೊಳ್ಳುವ ಮುನ್ನ ಕೆಳಗೆ ಬಗ್ಗಿ

ಮಾರುವವನು ಹೇಳುವ ಹೆಸರನ್ನು ನಂಬಬೇಡಿ, ಗೇರ್‌ಬಾಕ್ಸಿನ ಅಡಿಯ ಎಣ್ಣೆತಟ್ಟೆ, ಅಂದರೆ ಪ್ಯಾನ್, ನೋಡಿ. ನಮ್ಮೂರ ಗ್ಯಾರೇಜಿನಲ್ಲಿ ಚೇಂಬರ್ ಅನ್ನುತ್ತೇವಲ್ಲ, ಅದು. ಪವರ್‌ಗ್ಲೈಡಿಗೆ 14 ಬೋಲ್ಟು. ಟರ್ಬೊ 350, 400 ಎರಡಕ್ಕೂ 13, ಆದರೆ 350ರದ್ದು ಒಂದು ಮೂಲೆ ಕತ್ತರಿಸಿದ ಚೌಕ, 400ರದ್ದು ಅಡ್ಡಾದಿಡ್ಡಿ ಆಕಾರ. 700ಆರ್4, 200-4ಆರ್‌ಗೆ 16. ಫೋರ್ಡ್ ಸಿ4ಕ್ಕೆ 11, ಸಿ6ಕ್ಕೆ 17.

ಡಿಪ್‌ಸ್ಟಿಕ್ ಎಳೆದು ಮೂಸಿ. ಎಣ್ಣೆ ಕೆಂಪಗಿದ್ದು ವಾಸನೆ ಇಲ್ಲದಿದ್ದರೆ ಸರಿ. ಕಂದು ತಿರುಗಿ ಸುಟ್ಟ ವಾಸನೆ ಬಂದರೆ ಒಳಗೆ ಪ್ಲೇಟ್ ಬೆಂದಿದೆ. ಹೊಳೆಯುವ ಅಚ್ಚ ಹೊಸ ಎಣ್ಣೆ ಇದ್ದರೂ ಒಂದು ಪ್ರಶ್ನೆ ಕೇಳಿ: ಯಾವಾಗ ಬದಲಿಸಿದಿರಿ, ಯಾಕೆ? ಗಾಡಿ ಬಿಸಿಯಾದ ಮೇಲೆ ಡ್ರೈವ್‌ಗೆ ಹಾಕಿ, ರಿವರ್ಸ್‌ಗೆ ಹಾಕಿ. ಹಾಕಿದ ಕೂಡಲೇ ಹಿಡಿಯಬೇಕು, ಒಂದು ಉಸಿರೆಳೆದು ಬಿಡುವಷ್ಟು ತಡ ಮಾಡಿದರೆ ಬೆಲೆ ಇಳಿಸಿ ಮಾತಾಡಿ.

ಆಟೊಮ್ಯಾಟಿಕ್‌ಗಳನ್ನು ಕೊಲ್ಲುವುದು ಕುದುರೆಶಕ್ತಿಗಿಂತ ಹೆಚ್ಚಾಗಿ ಬಿಸಿ. ಇಲ್ಲಿ ಪ್ರತಿ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೇ ಕಾರುಗಳ ಜಾತ್ರೆ ನಡೆಯುತ್ತದೆ, 1995ರಿಂದ. ಗಾಡಿಗಳು ತೇರಿನ ಹಾಗೆ ಎರಡು ಗಜ ಎಳೆದು ನಿಲ್ಲುತ್ತವೆ, ಮತ್ತೆ ಎರಡು ಗಜ. ಕನ್ವರ್ಟರ್ ಒಳಗೆ ಎಣ್ಣೆ ಕಡೆದು ಕಡೆದು ಕಾಯುವುದು ಆಗಲೇ. ಯಾವ ಗೇರ್‌ಬಾಕ್ಸೇ ಆಗಲಿ, ರೇಡಿಯೇಟರಿನ ಮುಂದೆ ಪ್ರತ್ಯೇಕ ಕೂಲರ್ ಒಂದನ್ನು ಹಾಕಿಸಿ. ಇದರಷ್ಟು ಕಡಿಮೆ ಖರ್ಚಿನಲ್ಲಿ ಆಯಸ್ಸು ಕೊಡುವುದು ಬೇರಿಲ್ಲ.

ಹುಡುಗನ ಕಾರು

ಆಕ್ಸಲ್ ರೇಶಿಯೊ ಗೊತ್ತಿಲ್ಲ ಎಂದ ಹುಡುಗನಿಗೆ ಸುಣ್ಣದ ಕಡ್ಡಿ ಹಿಡಿಸಿದೆ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ನ್ಯೂಟ್ರಲ್‌ಗೆ ಹಾಕು. ಟಯರಿನ ಮೇಲೊಂದು ಗುರುತು, ಪ್ರೊಪೆಲ್ಲರ್ ಶಾಫ್ಟಿನ ಮೇಲೊಂದು ಗುರುತು. ಮಾಮೂಲಿ ಡಿಫರೆನ್ಷಿಯಲ್ ಆದರೆ ಒಂದು ಚಕ್ರವನ್ನು ಅಲುಗದಂತೆ ಹಿಡಿಸಿ ಇನ್ನೊಂದನ್ನು ಎರಡು ಸುತ್ತು ತಿರುಗಿಸು. ಎರಡೂ ಒಟ್ಟಿಗೇ ತಿರುಗುವಂಥದ್ದಾದರೆ ಒಂದು ಸುತ್ತು ಸಾಕು. ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ನಿನ್ನ ರೇಶಿಯೊ.

ಸಂಜೆ ಫೋನ್ ಬಂತು. "ಮೂರು ಸುತ್ತು ಅಣ್ಣಾ, ಆಮೇಲೆ ಚೂರೇ ಚೂರು."

3.08 ಇರಬೇಕು. 70 ಮೈಲಿಗೆ 2,790 ಸುತ್ತು, ತೊಂದರೆಯಿಲ್ಲ. ಅವನು ಹೆದ್ದಾರಿಗೆ ಹೋಗುವುದೇ ವರ್ಷಕ್ಕೆ ನಾಲ್ಕೈದು ಸಲ. ಪವರ್‌ಗ್ಲೈಡಿನಲ್ಲಿ ಹೊರಡುವ ಎಳೆತ 5.4 ಇದ್ದದ್ದು ಟರ್ಬೊ 350ರಲ್ಲಿ 7.8 ಆಗುತ್ತದೆ, ಶಾಫ್ಟ್ ಅದೇ, ಅಡ್ಡಪಟ್ಟಿ ಅದೇ. "350 ಹುಡುಕು" ಅಂದೆ.

"400 ಬೇಡ್ವಾ? ಫೆರಾರಿಗೆ ಹಾಕಿದ್ರಂತೆ."

"ಫೆರಾರಿ ತಗೊಂಡಾಗ ಹಾಕ್ಸು ಮಾರಾಯ."

ಎರಡು ದಿನಕ್ಕೆ ಫೋಟೊ ಕಳಿಸಿದ. ಯಾರೋ ಅರ್ಧ ಬೆಲೆಗೆ ಕೊಡುತ್ತಾರಂತೆ. ಪ್ಯಾನ್ ಎಣಿಸಿದೆ, 13 ಬೋಲ್ಟು, ಒಂದು ಮೂಲೆ ಕತ್ತರಿ. ಟರ್ಬೊ 350ಯೇ, ಸಂದೇಹವಿಲ್ಲ. ಮುಂದಿನ ಕಡೆಯದೊಂದು ಫೋಟೊ ತೆಗಿ ಅಂದೆ. ಶೆವರ್ಲೆಯ ಬೆಲ್‌ಹೌಸಿಂಗಿನ ನೆತ್ತಿ ನಡುವೆ ಉಬ್ಬಿರುತ್ತದೆ. ಬ್ಯೂಯಿಕ್, ಓಲ್ಡ್ಸ್‌ಮೊಬೀಲ್, ಪಾಂಟಿಯಾಕ್‌ಗಳದ್ದಾದರೆ ಅಲ್ಲಿ ತಗ್ಗು, ಅದು ಶೆವರ್ಲೆ ಎಂಜಿನ್ನಿಗೆ ಕೂರುವುದಿಲ್ಲ. ಫೋಟೊ ಬಂತು. ತಗ್ಗಿತ್ತು.

"ಬಿಟ್ಟು ಬಾ" ಅಂದೆ. "ಇನ್ನೊಂದು ಸಿಗುತ್ತೆ."